ಮನೆಯ ದನಿಗೊಂದು ಕ್ಯಾಮೆರಾ

ನಮ್ಮಪ್ಪನ ಮುಂದೆ ಎರಡು ವಸ್ತು ಇಟ್ಟು ಒಂದನ್ನು ಆರಿಸು ಅಂದರೆ ಆ ದಿನ ಮುಗಿದ ಹಾಗೆಯೇ. ಅದು ಅವನ ಗುಣದ ತಪ್ಪಲ್ಲ, ಕಸುಬಿನ ತಪ್ಪು. ಕನ್ನಡಕದ ಅಂಗಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷಿಸುವುದು ಅವನ ಕೆಲಸ. ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದು ಗಾಜು ಹಾಕಿ, “ಇದು ಚೆನ್ನಾಗಿ ಕಾಣುತ್ತಾ?” ಅನ್ನುತ್ತಾನೆ. ಅದನ್ನು ತೆಗೆದು ಇನ್ನೊಂದು ಹಾಕಿ, “ಅಥವಾ ಇದಾ?” ಅನ್ನುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಇದೇ ರಾಗ. ತೀರ್ಮಾನ ಯಾವತ್ತೂ ಅವನದಲ್ಲ. ಗಿರಾಕಿ ಬಾಯಿಬಿಟ್ಟು ಹೇಳುವವರೆಗೆ ಅವನು ಗಾಜನ್ನು ಅಂತಿಮ ಮಾಡುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ಅವನಿಗೆ ಒಳ್ಳೆಯ ಹೆಸರಿದೆ, ಮನೆಯಲ್ಲಿ ಒಂದು ಚಪ್ಪಲಿ ಕೊಳ್ಳಬೇಕಾದರೂ ನಮ್ಮ ತಲೆ ಕೆಟ್ಟು ಹೋಗುತ್ತದೆ.

ಇಂಥ ಮನುಷ್ಯನಿಗೆ ಕ್ಯಾಮೆರಾ ಆರಿಸುವ ಕೆಲಸ ಬಂತು. ಅದೂ ಅಮ್ಮನ ಗಂಟಲಿನ ಆಪರೇಷನ್ನಿಗೆ ಮೊದಲೇ ಆಗಬೇಕಾದ ಕೆಲಸ.

ಅಮ್ಮ ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳು. ನಾನು ಹುಟ್ಟುವ ಮೊದಲಿನಿಂದಲೂ ಅದೇ ಕೆಲಸ. ಗಾಜಿನ ಗೂಡು, ಮೇಜಿನ ಮೇಲೆ ಮೈಕು, ಮೈಕಿನ ಪಕ್ಕ ಒಂದು ಕೆಂಪು ದೀಪ. ದೀಪ ಹತ್ತಿತೆಂದರೆ ಅಮ್ಮ ಬೆನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿ, ಉಸಿರು ಎಳೆದುಕೊಂಡು ಶುರು ಮಾಡುತ್ತಾಳೆ. ಆ ದನಿ ಎಷ್ಟು ನಯ ಎಂದರೆ ರೈಲು ರದ್ದಾಗಿದೆ ಎಂದು ಕೇಳಿದವರಿಗೂ ಸಿಟ್ಟು ಬರುವುದಿಲ್ಲ. ಅದು ಅವಳ ಕಚೇರಿ ದನಿ. ಮನೆಯ ದನಿ ಬೇರೆ. ಅಡುಗೆಮನೆಯಿಂದ “ರೀ...” ಎಂದು ಹೊರಟರೆ ಆ ‘ರೀ’ ನಡುಮನೆ ದಾಟಿ, ಬಚ್ಚಲಿನ ಬಾಗಿಲು ತಟ್ಟಿ, ಅಪ್ಪನ ಕಿವಿ ಹಿಡಿದು ಎಳೆದುಕೊಂಡು ಬರುತ್ತಿತ್ತು. ಅದರಲ್ಲಿ ಒರಟುತನವಿತ್ತು, ನಗುವಿತ್ತು, ಮಾತಿನ ಕೊನೆ ನುಂಗುವ ಅಭ್ಯಾಸವಿತ್ತು. ನನ್ನನ್ನು ಎಬ್ಬಿಸಿದ್ದು, ಬೈದದ್ದು, ಜ್ವರ ಬಂದಾಗ ಹಣೆ ಮುಟ್ಟಿ “ಏನಿಲ್ಲ ಬಿಡು” ಅಂದದ್ದು ಎಲ್ಲ ಆ ದನಿಯೇ.

ದನಿ ಸ್ವಲ್ಪ ಕರಕರ ಎನ್ನುತ್ತಿದೆ ಎಂದು ಮೊದಲು ಹೇಳಿದವರು ನಿಲ್ದಾಣದ ಮೇಲಧಿಕಾರಿ. ಅಮ್ಮ ಬಿಸಿನೀರು ಕುಡಿದಳು, ರಜೆ ಹಾಕಿದಳು, ಆಮೇಲೆ ಆಸ್ಪತ್ರೆಗೆ ಹೋದಳು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಕಾಗದದ ಮೇಲೆ ಒಂದು ಗಂಟಲಿನ ಚಿತ್ರ ಬರೆದು ಒಂದು ಕಡೆ ಗೀಟು ಹಾಕಿದರು. ಗಡ್ಡೆಯಾಗಿದೆ, ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ತೆಗೆದರೆ ಜೀವಕ್ಕೆ ಭಯವಿಲ್ಲ. ಮುಂದೆ ಕತ್ತಿನ ಮೂಲಕವೇ ಉಸಿರಾಟ. ಅಭ್ಯಾಸ ಮಾಡಿದರೆ ಸಾಧನ ಇಟ್ಟುಕೊಂಡು ಒಂದು ಥರ ಮಾತಾಡಬಹುದು.

“ಆ ಒಂದು ಥರ ಅಂದ್ರೆ ಯಾವ ಥರ?” ಅಂದ ಅಪ್ಪ.

“ದನಿ ಇವರದಾಗಿರಲ್ಲ,” ಅಂದರು ಡಾಕ್ಟರು.

ಹೊರಗೆ ಬಂದು ಬಸ್ಸಿಗೆ ಕಾಯುತ್ತಾ ನಿಂತಾಗ ಅಮ್ಮನೇ ಮೊದಲು ಬಾಯಿ ತೆರೆದಳು. “ನಿಲ್ದಾಣದಲ್ಲಿ ನನ್ನ ದನಿ ಕಂಪ್ಯೂಟರಿಗೆ ತುಂಬಿಸಿಟ್ಟಿದಾರೆ, ಗೊತ್ತಲ್ಲ? ಅಂಕಿಗಳು, ಊರುಗಳು, ಎಲ್ಲ. ನಾನು ಮೂಕಿಯಾಗಿ ಮನೇಲಿ ಕೂತ್ರೂ ರೈಲು ತಡವಾದಾಗೆಲ್ಲ ಕ್ಷಮೆ ಕೇಳ್ತಾನೇ ಇರ್ತೀನಿ.” ಅವಳು ನಕ್ಕಳು. ಅಪ್ಪ ನಗಲಿಲ್ಲ. ನನಗಂತೂ ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು.

ಅವತ್ತು ಸಂಜೆ ಅಪ್ಪ ಹಳೆಯ ವಿಡಿಯೋಗಳನ್ನೆಲ್ಲ ಹುಡುಕಿ ತೆಗೆದ. ಫೋನಿನಲ್ಲಿದ್ದವು, ನೆಂಟರು ಕಳಿಸಿದ್ದವು, ನನ್ನ ಶಾಲೆಯ ಕಾಲದವು. ಎಲ್ಲದರಲ್ಲೂ ಅಮ್ಮ ಇದ್ದಳು, ಯಾವುದರಲ್ಲೂ ಮನೆಯ ಅಮ್ಮ ಇರಲಿಲ್ಲ. ಯಾರಾದರೂ ಚಿತ್ರ ತೆಗೆಯುತ್ತಿದ್ದಾರೆ ಎಂದು ತಿಳಿದ ತಕ್ಷಣ ಬೆನ್ನು ನೆಟ್ಟಗೆ, ಗದ್ದ ಮೇಲೆ. ನನ್ನ ಐದನೇ ಹುಟ್ಟುಹಬ್ಬದಲ್ಲಿ “ಈಗ ಮಗು ಮೇಣದಬತ್ತಿಯನ್ನು ಊದಲಿದೆ” ಎಂದು ಘೋಷಿಸಿದ್ದಳು. ನಾವು ಎಷ್ಟೋ ವರ್ಷ ಅದನ್ನು ಹಾಕಿಕೊಂಡು ಬಿದ್ದು ಬಿದ್ದು ನಕ್ಕಿದ್ದೆವು. ಅವತ್ತು ಅದೇ ತುಣುಕು ನೋಡಿ ಅಪ್ಪನ ಮುಖ ಸಪ್ಪಗಾಯಿತು.

“ಮನೆ ದನಿ ಒಂದೂ ಇಲ್ಲ,” ಅಂದ. “ಒಂದು ಕ್ಯಾಮೆರಾ ತಗೋಬೇಕು. ದಿನಾ ಹೇಗಿರ್ತಾಳೋ ಹಾಗೇ ಹಿಡಿಯೋ ಅಂಥದ್ದು.”

“ಫೋನಲ್ಲೇ ಹಿಡೀಬಹುದಲ್ಲಪ್ಪ?”

ಅವನು ಹಿಡಿದು ತೋರಿಸಿದ. ಅವನ ಹಳೇ ಫೋನಿನಲ್ಲಿ ಅಮ್ಮ ಡಬ್ಬದೊಳಗೆ ಕೂತು ಮಾತಾಡಿದಂತಿತ್ತು. ನನ್ನದರಲ್ಲಿ ಮಿಕ್ಸಿಯ ಸದ್ದು ಮಾತ್ರ ಸೊಗಸಾಗಿ ಬಂದಿತ್ತು.

ವಿಷಯ ಕಿವಿಗೆ ಬಿದ್ದದ್ದೇ ಸೋದರಮಾವ ಓಡಿಬಂದ. ಅಮ್ಮನ ಅಣ್ಣ. ನಾನು ಅವನಿಗಿಟ್ಟ ಹೆಸರು ಮೆಗಾಪಿಕ್ಸೆಲ್ ಮಾವ. ಅವನಿಗೆ ಗೊತ್ತಿಲ್ಲದ ಯಂತ್ರವಿಲ್ಲ, ಅವನ ಮನೆಯಲ್ಲಿ ನಡೆಯುವ ಯಂತ್ರವೂ ಒಂದಿಲ್ಲ. “ಸೆನ್ಸರ್ ದೊಡ್ಡದಿರ್ಬೇಕು ಭಾವ, ಇಲ್ದಿದ್ರೆ ಮನೆಯೊಳಗಿನ ಬೆಳಕಲ್ಲಿ ಎಲ್ಲ ಮಸುಕು ಮಸುಕು. ಕೈ ನಡುಗಿದ್ರೂ ಚಿತ್ರ ನಡುಗಬಾರ್ದು. ಝೂಮ್ ಬೇಕು. ಪರದೆ ಮುಂದಕ್ಕೆ ತಿರುಗ್ಬೇಕು,” ಎಂದು ಬೆರಳು ಮಡಿಸುತ್ತಾ ಹೋದ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ: “ದನಿ?” ಮಾವ ಮಡಿಸಿದ ಬೆರಳುಗಳನ್ನು ಬಿಚ್ಚಿ, ದನಿಗೆ ಬೇರೆ ಮೈಕು ಸಿಗುತ್ತದೆ, ಮೇಲೆ ಸಿಕ್ಕಿಸಬಹುದು ಅಂದ. ಮೈಕು ಎಂದ ಕೂಡಲೇ ಅಡುಗೆಮನೆಯಲ್ಲಿದ್ದ ಅಮ್ಮ ಅಲ್ಲಿಂದಲೇ ಬೆನ್ನು ನೆಟ್ಟಗೆ ಮಾಡಿದ್ದನ್ನು ನಾನು ನೋಡಿದೆ.

ಅಪ್ಪ, ಅಮ್ಮ, ನಾನು ಮೂವರೂ ಕ್ಯಾಮೆರಾ ಅಂಗಡಿಗೆ ಹೋದೆವು. ಅಮ್ಮ ಕತ್ತಿಗೆ ಹತ್ತಿಬಟ್ಟೆ ಸುತ್ತಿಕೊಂಡಿದ್ದಳು. ಅಂಗಡಿಯ ಬೋಳುತಲೆಯವರು ಸಮಾಧಾನದ ಮನುಷ್ಯ. ಗಾಜಿನ ಕಪಾಟಿನಿಂದ ಒಂದೊಂದೇ ಪುಟ್ಟ ಕ್ಯಾಮೆರಾ ತೆಗೆದು ಕಪ್ಪು ಬಟ್ಟೆಯ ಮೇಲೆ ಇಟ್ಟರು. ಅಪ್ಪ ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು ಹಿಡಿದು ಅಮ್ಮನ ಕಡೆ ತಿರುಗಿಸಿ, “ಇದು... ಅಥವಾ ಇದಾ?” ಎಂದು ಶುರು ಮಾಡಿದ. ಒಂದರಲ್ಲಿ ಝೂಮ್ ಮಾಡುವಾಗಿನ ಕಿರ್ರ್ ಸದ್ದು ಮಾತಿನ ಜೊತೆ ಸೇರುತ್ತಿತ್ತು. ಇನ್ನೊಂದರ ಮೈಕು ಕ್ಯಾಮೆರಾ ಹಿಡಿದವನ ಬೆರಳಿನಡಿಯಲ್ಲೇ ಮುಚ್ಚಿಹೋಗುತ್ತಿತ್ತು. ಮತ್ತೊಂದರಲ್ಲಿ ಪರದೆ ಮುಂದಕ್ಕೆ ತಿರುಗುತ್ತಿತ್ತು, ಅಮ್ಮ ಅದರಲ್ಲಿ ತನ್ನ ಮುಖ ನೋಡಿಕೊಂಡು ಕೂದಲು ಸರಿ ಮಾಡಿಕೊಂಡು ಬಿಗಿಯಾದಳು. ಪ್ರತಿಯೊಂದಕ್ಕೂ ಅವಳು ಪರೀಕ್ಷೆಗೆಂದು ಹೇಳಿದ್ದು ಒಂದೇ ಮಾತು: “ಪ್ರಯಾಣಿಕರ ಗಮನಕ್ಕೆ.”

ಬೋಳುತಲೆಯವರು ತಲೆ ಓರೆ ಮಾಡಿ, “ಅಮ್ಮ, ನಿಮ್ಮ ದನಿ ಎಲ್ಲೋ ಕೇಳಿದೀನಲ್ಲ?” ಅಂದರು.

“ರೈಲು ತಪ್ಪಿಸಿಕೊಂಡಾಗ ಕೇಳಿರ್ತೀರಿ,” ಅಂದಳು ಅಮ್ಮ, ಅಪ್ಪಟ ಮನೆಯ ದನಿಯಲ್ಲಿ. ಅಪ್ಪ ಆಗಷ್ಟೇ ಕ್ಯಾಮೆರಾ ಕೆಳಗಿಟ್ಟಿದ್ದ.

ಅವತ್ತು ಏನೂ ಕೊಳ್ಳಲಿಲ್ಲ. ಮರುದಿನವೂ ಇಲ್ಲ. ಅಪ್ಪ ರಾತ್ರಿ ಊಟಕ್ಕೆ ಕೂತಲ್ಲಿಯೂ ಮೀನ ಮೇಷ ಎಣಿಸುತ್ತಿದ್ದ. ಆಪರೇಷನ್ನಿನ ದಿನ ಹತ್ತಿರ ಬರುತ್ತಿತ್ತು, ಅಮ್ಮನ ದನಿ ದಿನದಿಂದ ದಿನಕ್ಕೆ ಕುಗ್ಗುತ್ತಿತ್ತು, ಇವನು ಇದೋ ಅದೋ ಅನ್ನುತ್ತಿದ್ದ. ನನಗೆ ರೇಗಿಹೋಯಿತು. “ಅಪ್ಪ, ನೀನು ಆರಿಸೋದ್ರೊಳಗೆ ಹಿಡಿಯೋಕೆ ಏನೂ ಉಳಿದಿರಲ್ಲ,” ಎಂದುಬಿಟ್ಟೆ. ಮಾತು ಬಾಯಿಂದ ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋದ.

ಮಾರನೇ ದಿನ ಅವನೇ ಒಂದನ್ನು ತಂದ. ಎಲ್ಲಕ್ಕಿಂತ ಚಿಕ್ಕದು, ಮಾವ ಮೂಗು ಮುರಿದ ಮಾದರಿ. ಅದರ ಲೆನ್ಸು ಹೊರಗೆ ಚಾಚಿಕೊಳ್ಳುವುದಿಲ್ಲ, ಒಳಗೇ ಇರುತ್ತದೆ. ವಿಡಿಯೋದ ಗುಂಡಿಯ ಮೇಲೆ ಒಂದು ಸಣ್ಣ ಉಬ್ಬು, ನೋಡದೆಯೂ ಬೆರಳಿಗೆ ಸಿಗುತ್ತದೆ, ಒತ್ತಿದರೆ ತಾನೇ ಎಚ್ಚೆತ್ತು ಹಿಡಿಯಲು ಶುರು ಮಾಡುತ್ತದೆ. ದನಿಯೂ ತಿಳಿಯಾಗಿ ಬರುತ್ತಿತ್ತು. ಕತ್ತಲೆ ಕೋಣೆಯಲ್ಲಿ ಗಾಜು ಹುಡುಕಿ ಪಳಗಿದ ಬೆರಳಲ್ಲವೇ, ಅಪ್ಪ ಒಂದೇ ಸಂಜೆಯಲ್ಲಿ ಅದನ್ನು ಕಣ್ಣು ಮುಚ್ಚಿ ನಡೆಸುವಷ್ಟು ಕಲಿತ. ಅವನು ಸರಿಯಾದದ್ದನ್ನೇ ಆರಿಸಿದ್ದ, ಅದನ್ನು ನಾನು ಒಪ್ಪಲೇಬೇಕು.

ಒಂದೇ ಒಂದು ತೊಂದರೆ. ಹಿಡಿಯುವಾಗ ಮುಂದುಗಡೆ ಕೆಂಪು ದೀಪ ಹತ್ತುತ್ತಿತ್ತು.

ಅಮ್ಮ ಪಾಪ, ಪ್ರಯತ್ನವನ್ನೇನೋ ಮಾಡಿದಳು. ಸಂಜೆ ಕ್ಯಾಮೆರಾವನ್ನು ಮೇಜಿನ ಮೇಲೆ ಇಟ್ಟು, “ಏನಾದ್ರೂ ಬೈಯಿ,” ಅನ್ನುತ್ತಿದ್ದ ಅಪ್ಪ. ಅವಳು ಕೆಂಪು ದೀಪ ನೋಡಿ, ಉಸಿರು ಎಳೆದುಕೊಂಡು, “ನೀವು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕಿರುತ್ತೀರಿ,” ಎಂದು ನಯವಾಗಿ ಘೋಷಿಸುತ್ತಿದ್ದಳು. ಅಪ್ಪ ಬೇಕೆಂದೇ ಹಾಲು ಉಕ್ಕಿಸಿದ, ಕೊಳೆ ಕಾಲಿನಲ್ಲಿ ಒರೆಸಿದ ನೆಲ ತುಳಿದ. ಅವಳ ಮುಖಕ್ಕೆ ಸಿಟ್ಟು ಬರುವುದು, ಬಾಯಿ ತೆರೆಯುವುದು, ಕಣ್ಣು ದೀಪದ ಮೇಲೆ ಬೀಳುವುದು, ಎಲ್ಲ ನಿಂತುಹೋಗುವುದು. ಕೊನೆಗೆ ಮೂವರೂ ನಗುತ್ತಿದ್ದೆವು. ಕ್ಯಾಮೆರಾ ಮುಚ್ಚಿದ ಮೇಲೆ ಯಾರೂ ನಗುತ್ತಿರಲಿಲ್ಲ.

“ನನ್ನ ಕೈಲಿ ಆಗ್ತಿಲ್ಲ ಕಣೇ,” ಅಂದಳು ಅಮ್ಮ ಒಮ್ಮೆ ನನ್ನ ಹತ್ತಿರ. “ಇಷ್ಟು ವರ್ಷ ಆ ದೀಪಕ್ಕೆ ಹೆದರಿ ಹೆದರಿ ಗಂಟಲಿಗೇ ಅಭ್ಯಾಸ ಆಗ್ಬಿಟ್ಟಿದೆ.”

ನಾನೂ ಅಪ್ಪನೂ ಸೇರಿ ಕಳ್ಳತನಕ್ಕಿಳಿದೆವು. ದೀಪದ ಮೇಲೆ ಕಪ್ಪು ಟೇಪು ಅಂಟಿಸಿದವಳು ನಾನೇ. ಅಡುಗೆಮನೆಯ ಕಪಾಟಿನಲ್ಲಿ ಟೀಪುಡಿ ಡಬ್ಬಕ್ಕೂ ಸಕ್ಕರೆ ಡಬ್ಬಕ್ಕೂ ನಡುವೆ ಕ್ಯಾಮೆರಾ ಇಟ್ಟು, ಗುಂಡಿ ಒತ್ತಿ, ಏನೂ ಗೊತ್ತಿಲ್ಲದವರಂತೆ ಕೂತೆವು. ಅಮ್ಮ ಬಂದಳು, ಟೀ ಸೋಸಿದಳು, ಅಪ್ಪನ ಮುಂದೆ ಲೋಟ ಇಟ್ಟಳು. ಇನ್ನೇನು ಮಾತು ಶುರುವಾಗಬೇಕು. ಅಷ್ಟರಲ್ಲಿ ನಮ್ಮಪ್ಪ, ಕ್ಯಾಮೆರಾ ನಡೆಯುತ್ತಿದೆ ಎಂಬ ಅರಿವಿನಲ್ಲಿ, ಅಂಗಡಿಯ ದನಿಯಲ್ಲಿ ಕೇಳಿದ: “ಸಕ್ಕರೆ ಸರಿಯಾಗಿದೆ. ನಿಮಗೆ ಹೇಗಿದೆ, ಸರಿಯಾ, ಅಥವಾ ಸ್ವಲ್ಪ ಜಾಸ್ತಿಯಾ?”

ಅಮ್ಮ ತನ್ನ ಲೋಟ ಕೆಳಗಿಟ್ಟಳು. “ಯಾಕ್ರೀ, ನನಗೇನು ಕಣ್ಣು ಪರೀಕ್ಷೆ ಮಾಡ್ತಿದೀರಾ? ಹೆಂಡ್ತಿಗೆ ‘ನೀವು’ ಅಂತೀರಲ್ಲ?” ಅವಳು ಸುತ್ತ ನೋಡಿದಳು. ನನ್ನ ಮುಖ ನೋಡಿದಳು. ನೇರ ಕಪಾಟಿಗೆ ಹೋಗಿ ಡಬ್ಬ ಸರಿಸಿದಳು.

ಬೈಯುತ್ತಾಳೆಂದುಕೊಂಡೆವು, ಬೈಯಲಿಲ್ಲ. ಟೇಪು ಕಿತ್ತು, ಹಿಡಿದದ್ದನ್ನು ತಾನೇ ಅಳಿಸಿ, ಕ್ಯಾಮೆರಾವನ್ನು ಅಪ್ಪನ ಮುಂದೆ ಇಟ್ಟಳು. “ನಾನಿನ್ನೂ ಇಲ್ಲೇ ಇದೀನಿ. ಸತ್ತು ಹೋಗೋರ ಹತ್ರ ಕದ್ದ ಹಾಗೆ ಕದೀಬೇಡಿ,” ಅಂದಳು. ಕಣ್ಣಲ್ಲಿ ನೀರು ತುಂಬಿತ್ತು. “ನನಗೇನು ಆಸೆ ಇಲ್ವಾ? ನನ್ನ ಮಾತು ನಿಮ್ಮ ಹತ್ರ ಇರ್ಲಿ ಅಂತ ನನಗೂ ಇದೆ. ಬರ್ತಿಲ್ಲ, ಏನು ಮಾಡ್ಲಿ?”

ಅಪ್ಪ ನಾಚಿಕೆಯಿಂದ ಭೂಮಿಗಿಳಿದು ಹೋದ. “ತಪ್ಪಾಯ್ತು ಕಣೇ. ಇನ್ಮೇಲೆ ನೀನಾಗಿ ಬಾಯಿಬಿಟ್ಟು ‘ಒತ್ತಿ’ ಅನ್ನೋ ತನಕ ಗುಂಡಿ ಮುಟ್ಟಲ್ಲ,” ಅಂದ. ಅಪ್ಪ ಮಾತು ಕೊಟ್ಟರೆ ಕೊಟ್ಟ ಹಾಗೆ. ಆಮೇಲೆ ಅವನು ಅದನ್ನು ಸದಾ ಜೇಬಿನಲ್ಲಿಟ್ಟುಕೊಂಡು ಓಡಾಡಿದ, ಅಮ್ಮ ಹೇಳಲಿ ಎಂದು ಕಾದ. ಅಮ್ಮ ಹೇಳಲಿಲ್ಲ. ಉಳಿದಿದ್ದ ದಿನಗಳೆಲ್ಲ ಆಸ್ಪತ್ರೆಯ ಓಡಾಟದಲ್ಲಿ ಕಳೆದುಹೋದವು. ಬಟ್ಟೆ ಒಣಹಾಕುವಾಗ, ಬೀಗ ಹುಡುಕುವಾಗ, ಮೆಟ್ಟಿಲು ಇಳಿಯುವಾಗ ಅವಳ ಮನೆಯ ದನಿ ಬಂದು ಬಂದು ಗಾಳಿಗೆ ಹೋಗುತ್ತಿತ್ತು. ಕೇಳಿಸಿಕೊಳ್ಳುತ್ತಾ ನಿಲ್ಲುವುದು ಬಿಟ್ಟು ನಮಗೆ ಬೇರೆ ದಾರಿ ಇರಲಿಲ್ಲ.

ಆಪರೇಷನ್ನಿನ ಬೆಳಿಗ್ಗೆ ವಾರ್ಡಿನೊಳಗೆ ಒಬ್ಬರಿಗೆ ಮಾತ್ರ ಪ್ರವೇಶ. ಅಪ್ಪ ಒಳಗೆ ಹೋದ, ನಾನು ಬಾಗಿಲಿನ ಗಾಜಿನಾಚೆ ನಿಂತೆ. ಅಮ್ಮ ಹಸಿರು ನಿಲುವಂಗಿ ತೊಟ್ಟು ಮಂಚದ ಮೇಲೆ ಕೂತಿದ್ದಳು. ಅಪ್ಪ ಕ್ಯಾಮೆರಾ ಕೈಯಲ್ಲಿ ಹಿಡಿದು ಏನೋ ಕೇಳಿದ. ಅವಳು ಬೇಡವೆಂಬಂತೆ ತಲೆಯಾಡಿಸಿ, ಅವನ ಜೇಬಿನ ಕಡೆ ಕೈ ತೋರಿಸಿದಳು. ಅವನು ಅದನ್ನು ಜೇಬಿಗೆ ಹಾಕಿದ. ಆಮೇಲೆ ಅಮ್ಮ ಮಾತಾಡತೊಡಗಿದಳು.

ನನಗೆ ಒಂದಕ್ಷರವೂ ಕೇಳಿಸಲಿಲ್ಲ, ಆದರೆ ಅದು ಮನೆಯ ದನಿ ಎಂದು ನೋಡಿದರೇ ತಿಳಿಯುತ್ತಿತ್ತು. ಬೆನ್ನು ಬಗ್ಗಿತ್ತು, ಗದ್ದ ಕೆಳಗಿತ್ತು. ಕೈ ಬೀಸಿ ಏನೋ ಹೇಳಿದಳು, ಅಪ್ಪನ ಅಂಗಿಯ ಕಾಲರು ಎಳೆದು ಸರಿ ಮಾಡಿ ಏನೋ ಬೈದಳು, ಬಾಗಿಲ ಕಡೆ ನನ್ನನ್ನು ತೋರಿಸಿ ಇನ್ನೇನೋ ಹೇಳಿ ನಕ್ಕಳು. ಎಷ್ಟೋ ಹೊತ್ತು ಮಾತಾಡಿದಳು. ಅಪ್ಪನ ಬಲಗೈ ಜೇಬಿನೊಳಗೆ ಹೋಯಿತು. ಒತ್ತು, ಒತ್ತು ಎಂದು ನಾನು ಗಾಜಿಗೆ ಹಣೆ ಹಚ್ಚಿ ಬೇಡಿಕೊಂಡೆ. ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಹೊರಗೆ ಬಂತು, ಅವನು ಎರಡೂ ಕೈಯಲ್ಲಿ ಅಮ್ಮನ ಕೈ ಹಿಡಿದುಕೊಂಡ. ಅಬ್ಬಾ, ಒತ್ತಿದ ಎಂದುಕೊಂಡೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಗಾಲಿಮಂಚ ಬಂದು ಅವಳನ್ನು ಕರೆದುಕೊಂಡು ಹೋಗುವವರೆಗೂ ಅವಳ ಬಾಯಿ ನಿಲ್ಲಲಿಲ್ಲ.

ಅಪ್ಪ ಹೊರಗೆ ಬಂದಾಗ, “ಏನಂದ್ಲು?” ಎಂದು ಕೇಳಿದೆ. “ಏನಿಲ್ಲ, ಮನೆ ಮಾತು,” ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ನಿಂತ. ಆ ಹೊತ್ತಿನಲ್ಲಿ ಕ್ಯಾಮೆರಾದ ವಿಷಯ ಕೇಳುವುದು ಸರಿಯಲ್ಲ ಅನ್ನಿಸಿತು. ಅಮ್ಮ ಬರಲಿ, ಮೂವರೂ ಕೂತು ಒಟ್ಟಿಗೇ ಕೇಳೋಣ ಎಂದುಕೊಂಡೆ.

ಆಪರೇಷನ್ ಚೆನ್ನಾಗಿ ಆಯಿತು, ಎಲ್ಲ ತೆಗೆದಿದ್ದೇವೆ ಎಂದರು. ಕೆಲವು ದಿನ ಅಮ್ಮ ಕಣ್ಣು ಬಿಡುವುದು, ಮುಚ್ಚುವುದು ಅಷ್ಟೇ. ಮೂಗಿನಲ್ಲಿ ನಳಿಗೆ, ಕತ್ತಿನ ತೂತಿನಿಂದ ಉಸಿರು. ಕೆಮ್ಮಿದರೂ ಸದ್ದು ಕತ್ತಿನಿಂದಲೇ. ಬೇರೆ ವಾರ್ಡಿಗೆ ತಂದ ಮೇಲೆ ನಮ್ಮಿಬ್ಬರನ್ನೂ ಒಳಗೆ ಬಿಟ್ಟರು. ದಿಂಬಿಗೆ ಒರಗಿ ಕೂರುವಷ್ಟು ಶಕ್ತಿ ಬಂದ ದಿನ ನರ್ಸು ಅವಳ ಕೈಗೆ ಒಂದು ಬಿಳಿಯ ಹಲಗೆ, ಒಂದು ಪೆನ್ನು ಕೊಟ್ಟು, “ಬೇಕಾದ್ದು ಬರೀರಿ,” ಎಂದು ಹೋದಳು.

ನೀರೋ ನೋವೋ ಎಂದು ಬರೆಯುತ್ತಾಳೆಂದು ನಾವು ಬಾಗಿ ನೋಡಿದೆವು. ಅಮ್ಮ ನಿಧಾನವಾಗಿ ಬರೆದು ಹಲಗೆಯನ್ನು ಅಪ್ಪನ ಕಡೆ ತಿರುಗಿಸಿದಳು.

“ಜೇಬಲ್ಲೇ ಒತ್ತಿದ್ರಿ ತಾನೇ?”

ಅವಳ ಕಣ್ಣು ಮಿನುಗುತ್ತಿತ್ತು. ಅಪ್ಪ ಉತ್ತರ ಕೊಡುವ ಮೊದಲೇ ಒರೆಸಿ ಮತ್ತೆ ಬರೆದಳು: “ಆ ದೀಪ ಕಣ್ಣಿಗೆ ಬೀಳದಿದ್ರೆ ಸಾಕಿತ್ತು, ಅದಕ್ಕೇ ಜೇಬು ತೋರಿಸಿದ್ದು. ಎಲ್ಲ ಬಂತು. ಹಾಕಿ, ಇವಳೂ ಕೇಳಲಿ.”

ನಾನು ಕೈ ಚಾಚಿದೆ. ಅಪ್ಪ ಕ್ಯಾಮೆರಾ ಹೊರಗೆ ತೆಗೆದ, ಆದರೆ ನನ್ನ ಕೈಗೆ ಕೊಡಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡುತ್ತಾ ನಿಂತ. ಅವನ ಮುಖ ನೋಡಿ ನನಗೆ ಗೊತ್ತಾಯಿತು. 

“ನೀನು ಬಾಯಿಬಿಟ್ಟು ಹೇಳ್ಲಿಲ್ವಲ್ಲೇ,” ಅಂದ ಅಪ್ಪ. “ಗುಂಡಿ ಮೇಲೇ ಬೆರಳಿತ್ತು ಕಣೇ. ನೀನು ಹೇಳ್ಲಿಲ್ಲ.”

ಅಮ್ಮ ಅವನನ್ನು ನೋಡಿದಳು. ಹಲಗೆ ಅವಳ ಮಡಿಲಿನಿಂದ ಜಾರಿ ಹಾಸಿಗೆಯ ಮೇಲೆ ಬಿತ್ತು, ಎತ್ತಿಕೊಳ್ಳಲಿಲ್ಲ. ಬಾಯಿ ತೆರೆದಳು. ಆಮೇಲೆ ಬೈಯತೊಡಗಿದಳು. ತುಟಿ ಅಲುಗಿತು, ಹುಬ್ಬು ಗಂಟಿಕ್ಕಿತು, ಕೈ ಗಾಳಿಯಲ್ಲಿ ಬೀಸಿತು. ಮೊದಲಿಗೆ ‘ರೀ’ ಎಂದು ಎಳೆದದ್ದು ತುಟಿಯಲ್ಲೇ ತಿಳಿಯಿತು. ಕತ್ತಿನ ತೂತಿನಿಂದ ಬುಸ್ ಬುಸ್ ಎಂದು ಗಾಳಿ ಬರುತ್ತಿತ್ತು, ಅದು ಬಿಟ್ಟರೆ ಏನೂ ಇರಲಿಲ್ಲ. ನಿಮ್ಮ ತಲೆ, ನಿಮ್ಮ ಬುದ್ಧಿ, ಇಷ್ಟು ವರ್ಷ ಸಂಸಾರ ಮಾಡಿ ಇಷ್ಟೂ ತಿಳಿಯಲಿಲ್ಲವೇ, ಎಲ್ಲವೂ ಆ ಬಾಯಲ್ಲಿತ್ತು. ಬೈಯುತ್ತಾ ಬೈಯುತ್ತಾ ಅಳುತ್ತಿದ್ದಳು.

ಅಪ್ಪ ಮಂಚದ ಅಂಚಿನಲ್ಲಿ ಕೂತು ತಲೆ ತಗ್ಗಿಸಿದ. ಕೇಳಿಸದ ಒಂದೊಂದು ಮಾತಿಗೂ “ಹೂಂ” ಅನ್ನುತ್ತಿದ್ದ, “ಹೂಂ ಕಣೇ” ಅನ್ನುತ್ತಿದ್ದ. ಅವಳು ನಿಲ್ಲಿಸುವವರೆಗೂ ಅವನು ಹಾಗೇ ಕೂತಿದ್ದ, ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ.